ಮಾವನ 50 ಹರ್ಟ್ಸ್ ಪ್ಲೇಯರಿನಲ್ಲಿ ಅರೀಥಾ ಫ್ರಾಂಕ್ಲಿನ್: ಒಂದು ರಿಪೇರಿ ಡೈರಿ

ಒಂದು ತಿಂಗಳು ಚೀಟಿಗಳಲ್ಲಿ ಗೀಚಿಕೊಂಡಿದ್ದನ್ನು ಇಲ್ಲಿ ಸೇರಿಸಿ ಬರೆಯುತ್ತಿದ್ದೇನೆ. ಊರಿಂದ ಹಳೆ ರೆಕಾರ್ಡ್ ಪ್ಲೇಯರ್ ತಂದು ಅಮೆರಿಕದಲ್ಲಿ ಓಡಿಸೋಕೆ ಹೊರಟವರು ಯಾರಾದರೂ ಇದ್ದರೆ, ನಾನು ಹಾಳು ಮಾಡಿಕೊಂಡ ಶನಿವಾರಗಳು ಅವರಿಗಾದರೂ ಉಳಿಯಲಿ. ಕೆಲಸ ಪೂರ್ತಿ ಮುಗಿದಿಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ.

ಜನವರಿ 4, ಶನಿವಾರ

ಡೆಟ್ರಾಯ್ಟಿನ ಪಶ್ಚಿಮ ಭಾಗದಲ್ಲಿ ಒಂದು ಹಳೆ ಮನೆ ಖಾಲಿ ಮಾಡಿ ಸಾಮಾನು ಮಾರುತ್ತಿದ್ದರು. ಸ್ಕ್ರೂಡ್ರೈವರ್ ಸೆಟ್ ಸಿಗುತ್ತಾ ಅಂತ ಹೋದವನಿಗೆ ಬೇಸ್‌ಮೆಂಟಿನ ಮೂಲೆಯ ರಟ್ಟಿನ ಡಬ್ಬದಲ್ಲಿ ಈ ಎಲ್‌ಪಿ ಸಿಕ್ಕಿತು. ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ‘ಐ ನೆವರ್ ಲವ್ಡ್ ಎ ಮ್ಯಾನ್ ದ ವೇ ಐ ಲವ್ ಯೂ’. 1967ರದ್ದು, ಅಟ್ಲಾಂಟಿಕ್ ಕಂಪನಿ, ನಂಬರ್ 8139. 4 ಡಾಲರ್. ಕವರ್ ಮೂರು ಕಡೆ ಬಿಟ್ಟುಕೊಂಡಿದೆ, ಯಾರೋ ಪೆನ್ನಿನಲ್ಲಿ ಹೆಸರು ಬರೆದಿದ್ದಾರೆ, ತಟ್ಟೆಯ ಮೇಲೆ ಬೂಸ್ಟು ಹಿಡಿದ ಹಾಗೆ ಬೂದು ಪೊರೆ.

ಲೇಬಲ್ ಕೆಂಪು ಮತ್ತು ನೇರಳೆ. ಆ ಕಾಲದ ಅಟ್ಲಾಂಟಿಕ್‌ನಲ್ಲಿ ಕೆಂಪು-ನೇರಳೆ ಅಂದ್ರೆ ಮೊನೊ, ಹಸಿರು-ನೀಲಿ ಅಂದ್ರೆ ಸ್ಟೀರಿಯೊ. ನನ್ನದು ಮೊನೊ, ಅಂದ್ರೆ ಎಡ-ಬಲ ಎರಡರಲ್ಲೂ ಒಂದೇ ಸದ್ದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ವಿಷಯದಲ್ಲಿ ನಾನು ಮುಗ್ಗರಿಸಿದ್ದೇನೆ.

ಈ ಊರಿನಲ್ಲಿ ಈ ಎಲ್‌ಪಿ ಸಿಗೋದು ಆಶ್ಚರ್ಯವೇನಲ್ಲ. ಅರೀಥಾ ಹುಟ್ಟಿದ್ದು ಮೆಂಫಿಸ್‌ನಲ್ಲಾದರೂ ಬೆಳೆದದ್ದು ಡೆಟ್ರಾಯ್ಟಿನಲ್ಲಿ. ಅಪ್ಪ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ, ಅಲ್ಲೇ ಹಾಡಿ ಹಾಡಿ ಗಂಟಲು ಕುದುರಿದ್ದು. ಆಮೇಲೆ ಕೊಲಂಬಿಯಾ ಕಂಪನಿಯಲ್ಲಿ ಆರು ವರ್ಷ ಎಲ್‌ಪಿ ಮೇಲೆ ಎಲ್‌ಪಿ ಮಾಡಿದರೂ ಅಂಥ ದೊಡ್ಡ ಹೆಸರು ಬರಲಿಲ್ಲ. ಅಟ್ಲಾಂಟಿಕ್‌ಗೆ ಬಂದು ಮಾಡಿದ ಮೊದಲನೆಯದೇ ಇದು. ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು, ಇದರ ‘ರೆಸ್ಪೆಕ್ಟ್’ ಹಾಡು ಸಿಂಗಲ್ಸ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ.

ಇನ್ನು ಪ್ಲೇಯರ್. ಅದು ನನ್ನ ಸೋದರಮಾವನದು. ಹೊನ್ನಾವರದ ಮನೆಯಲ್ಲಿ ಅಟ್ಟ ಸೇರಿತ್ತು. ಎರಡು ವರ್ಷದ ಹಿಂದೆ ಟವೆಲ್ಲುಗಳಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದೆ, ಅಂದಿನಿಂದ ನಮ್ಮ ಬೇಸ್‌ಮೆಂಟಿನಲ್ಲಿ ಕೂತಿದೆ. ಬೆಲ್ಟ್ ಮೇಲೆ ಓಡುವಂಥದ್ದು, ಸಿಂಕ್ರೊನಸ್ ಮೋಟರ್. ಹಿಂದೆ ಅಂಟಿಸಿದ ಚೀಟಿಯಲ್ಲಿ ಮೂರೇ ಅಂಕಿ: 220 ವೋಲ್ಟ್, 50 ಹರ್ಟ್ಸ್, 12 ವ್ಯಾಟ್. ನಾನು ಓದಿದ್ದು ಮೊದಲನೆಯದನ್ನು ಮತ್ತು ಮೂರನೆಯದನ್ನು.

ಜನವರಿ 5, ಭಾನುವಾರ

ಪ್ಲ್ಯಾಟರ್ (ತಟ್ಟೆ ಕೂರುವ ಚಕ್ರ) ಎತ್ತಿದರೆ ಹಳೆ ಬೆಲ್ಟು ಕರಗಿ ಡಾಂಬರಾಗಿತ್ತು. ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸೋಕೆ ಮುಕ್ಕಾಲು ಗಂಟೆ. ಹೊಸ ಬೆಲ್ಟು ಮೊದಲೇ ತರಿಸಿಟ್ಟಿದ್ದೆ, 14 ಡಾಲರ್. ಬೇರಿಂಗ್ ತೊಳೆದು ಎರಡು ಹನಿ ಹೊಲಿಗೆ ಮಿಷನ್ ಎಣ್ಣೆ ಬಿಟ್ಟೆ. ಹೊಸ ಕಾರ್ಟ್ರಿಡ್ಜ್ ಕೂರಿಸಿದೆ, ದುಂಡು ತುದಿಯ ಮುಳ್ಳಿನದು, 48 ಡಾಲರ್. ಹಳೆ ಮೊನೊ ತಟ್ಟೆಯ ಅಗಲ ಗೆರೆಗೆ ದುಂಡು ಮುಳ್ಳೇ ಸಾಕು. ಮುಳ್ಳಿನ ಭಾರ ಪುಟ್ಟ ತಕ್ಕಡಿಯಲ್ಲಿ ನೋಡಿ 2 ಗ್ರಾಂಗೆ ಇಟ್ಟೆ. ತಕ್ಕಡಿ 12 ಡಾಲರ್.

ಇಲ್ಲಿನ 120 ವೋಲ್ಟನ್ನು 220 ಮಾಡೋಕೆ ಒಂದು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್, 32 ಡಾಲರ್. ಸ್ವಿಚ್ ಹಾಕಿದೆ. ತಿರುಗಿತು! ಮಾವನ ಪ್ಲೇಯರಿನ ಜೊತೆಯಲ್ಲೇ ಬಂದಿದ್ದ ಗೆರೆಗೆರೆಯ ಸ್ಟ್ರೋಬ್ ರಟ್ಟನ್ನು (ವೇಗ ಸರಿ ಇದ್ದರೆ ದೀಪದ ಮಿನುಗಿನಲ್ಲಿ ಇದರ ಗೆರೆಗಳು ನಿಂತಂತೆ ಕಾಣಬೇಕು) ಮೇಲಿಟ್ಟು, ನಿಯಾನ್ ನೈಟ್ ಲ್ಯಾಂಪ್ ಹತ್ತಿರ ಹಿಡಿದು ನೋಡಿದರೆ ನಿಮಿಷಕ್ಕೆ 33 ಸುತ್ತಿನ ಗೆರೆಗಳು ಒಂಚೂರೂ ಅಲುಗಾಡದೆ ನಿಂತಿದ್ದವು. ಸ್ಪೀಡು ಪಕ್ಕಾ ಅಂದುಕೊಂಡೆ.

ಮುಳ್ಳು ಇಳಿಸಿದೆ. ಚರಪರ ಸದ್ದಿನ ಮಧ್ಯೆ ‘ರೆಸ್ಪೆಕ್ಟ್’ ಶುರುವಾಯಿತು, ಯಾರೋ ಹೈಸ್ಕೂಲ್ ಹುಡುಗಿ ರೈಲು ತಪ್ಪಿಹೋಗುತ್ತೆ ಅನ್ನೋ ಅವಸರದಲ್ಲಿ ಹಾಡಿದ ಹಾಗೆ. ಹೆಚ್ಚುಕಡಿಮೆ ಎರಡೂವರೆ ನಿಮಿಷದ ಹಾಡು ಎರಡು ನಿಮಿಷ ಚಿಲ್ಲರೆ ಸೆಕೆಂಡಿಗೆ ಮುಗಿಯಿತು. ನಾಚಿಕೆ ಬಿಟ್ಟು ಹೇಳ್ತೀನಿ, ಒಂದು ನಿಮಿಷ ನಾನು ‘ಆಗ ಅವರಿಗೆ 24 ವಯಸ್ಸು ಅಲ್ವಾ, ದನಿ ಎಳೆಯದಿರಬಹುದು’ ಅಂತ ನಿಜವಾಗಿಯೂ ಯೋಚಿಸಿದೆ. ಯಾಕಂದ್ರೆ ಗೆರೆ ನಿಂತಿತ್ತಲ್ಲ!

ರಾತ್ರಿ ಹಾಸಿಗೆಯಲ್ಲಿ ಹೊಳೆಯಿತು. ಸಿಂಕ್ರೊನಸ್ ಮೋಟರ್ ವೋಲ್ಟೇಜ್ ನೋಡಿ ಓಡೋದಿಲ್ಲ, ಹರ್ಟ್ಸ್ ನೋಡಿ ಓಡುತ್ತೆ. ಇಲ್ಲಿನ ಕರೆಂಟು 60 ಹರ್ಟ್ಸ್, ಟ್ರಾನ್ಸ್‌ಫಾರ್ಮರ್ ಅದನ್ನು ಮುಟ್ಟೋದಿಲ್ಲ. ಹಾಗಾಗಿ ತಟ್ಟೆ ನಿಮಿಷಕ್ಕೆ 33⅓ ಸುತ್ತಿನ ಬದಲು 40 ಸುತ್ತು ಓಡುತ್ತಿದೆ. ಮತ್ತೆ ಸ್ಟ್ರೋಬ್ ರಟ್ಟು? ಅದೂ ಊರಿನದೇ, 50 ಹರ್ಟ್ಸಿನ 180 ಗೆರೆಯದು. 60 ಹರ್ಟ್ಸ್ ದೀಪದ ಕೆಳಗೆ ಅದು ನಿಲ್ಲೋದು ಸರಿಯಾಗಿ 40 ಸುತ್ತಿಗೆ. ಪ್ಲೇಯರೂ ರಟ್ಟೂ ಒಂದೇ ಊರಿನವು, ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕಿತು. ಇಲ್ಲಿಗೆ ಬೇಕಾದ ರಟ್ಟಿನಲ್ಲಿ 216 ಗೆರೆ ಇರಬೇಕು.

ಜನವರಿ 8, ಬುಧವಾರ

ಸುಲಭದ ದಾರಿ ಹುಡುಕಿದೆ. ಹಾಗೇ ಜೋರಾಗಿ ಓಡಲಿ, ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಂಡು ಅಡಾಸಿಟಿ ಅನ್ನೋ ಸಾಫ್ಟ್‌ವೇರಿನಲ್ಲಿ ನಿಧಾನ ಮಾಡಿದರಾಯ್ತು ಅಂತ. ಚೇಂಜ್ ಸ್ಪೀಡ್‌ನಲ್ಲಿ ಮೈನಸ್ 16.667 ಹಾಕಿದೆ. ಶ್ರುತಿ ಸರಿಹೋಯಿತು. ಆದರೆ ಕೇಳೋಕೆ ಏನೋ ಸಪ್ಪೆ. ಬೇಸು, ಟ್ರೆಬಲ್ಲು ಎರಡೂ ಒಂದು ಕೂದಲೆಳೆ ಹಿಂದೆ ಸರಿದ ಹಾಗೆ. ಮುಳ್ಳಿನಿಂದ ಬರುವ ಸಣ್ಣ ಸಿಗ್ನಲ್ ಅನ್ನು ದೊಡ್ಡದು ಮಾಡುವ ಫೋನೊ ಆಂಪ್ಲಿಫೈಯರ್ ಬೇಸು-ಟ್ರೆಬಲ್ಲು ಸರಿದೂಗಿಸೋದು ತಟ್ಟೆ ಸರಿಯಾದ ವೇಗದಲ್ಲಿ ಓಡುತ್ತಿದೆ ಅಂತ ನಂಬಿಕೊಂಡು. ಆ ನಂಬಿಕೆ ತಪ್ಪಿದ ಮೇಲೆ ನಿಧಾನ ಮಾಡಿದರೆ ಅದು ಸರಿಹೋಗಲ್ಲ. ಜೊತೆಗೆ 40 ಸುತ್ತಿನಲ್ಲಿ ಮುಳ್ಳು ಎರಡು ಕಡೆ ಹಾರಿತು. ಬಿಟ್ಟೆ.

ಜನವರಿ 11, ಶನಿವಾರ

ಮೋಟರಿನ ಪುಲ್ಲಿ, ಅಂದ್ರೆ ಬೆಲ್ಟು ಸುತ್ತುವ ಗಾಲಿ, ಚಿಕ್ಕದು ಮಾಡಬೇಕು, ಬೇರೆ ದಾರಿ ಇಲ್ಲ. ಡಿಜಿಟಲ್ ವರ್ನಿಯರ್ ತಂದೆ, 18 ಡಾಲರ್. ಪುಲ್ಲಿಯಲ್ಲಿ 33 ಸುತ್ತಿಗೆ ಬೆಲ್ಟು ಕೂರುವ ಮೆಟ್ಟಿಲಿನ ಅಡ್ಡಳತೆ 12.00 ಮಿಲಿಮೀಟರ್. 60ಕ್ಕೆ 50, ಅಂದ್ರೆ ಆರಕ್ಕೆ ಐದು. 12ಕ್ಕೆ 10. ಎಷ್ಟು ಸಲೀಸು ಲೆಕ್ಕ ಅಲ್ವಾ? ಇಲ್ಲೇ ಎಡವಿದ್ದು.

ಮಾವನ ಪುಲ್ಲಿಗೆ ಕೈ ಹಚ್ಚಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಈ ಕಡೆ ಕಾರು ಕಾರ್ಖಾನೆಗಳಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಗ್ಯಾರೇಜಿನಲ್ಲಿ ಲೇತ್ ಇಟ್ಟುಕೊಂಡ ಅಜ್ಜಂದಿರು ಬೇಕಾದಷ್ಟು ಜನ ಸಿಗ್ತಾರೆ. ಅಂಥವರೊಬ್ಬರಿಗೆ ಮೂಲ ಪುಲ್ಲಿ ಕೊಟ್ಟು, ಹಿತ್ತಾಳೆಯಲ್ಲಿ ಇಂಥದ್ದೇ ಒಂದು, ಆದರೆ 10.00 ಮಿಲಿಮೀಟರಿಗೆ ಮಾಡಿಕೊಡಿ ಅಂದೆ. 45 ಸುತ್ತಿನ ತಟ್ಟೆಗೆ ಬೇಕಾದ ಮೆಟ್ಟಿಲೂ ಬೇಕಾ ಅಂತ ಕೇಳಿದರು. ಬೇಡ, ನನ್ನ ಹತ್ತಿರ 45ರ ತಟ್ಟೆಗಳೇ ಇಲ್ಲ ಅಂದೆ. 45 ಡಾಲರ್, ಒಂದು ವಾರ.

ಜನವರಿ 12ರಿಂದ 14

ಪುಲ್ಲಿ ಬರೋವರೆಗೆ ತಟ್ಟೆ ತೊಳೆಯೋದು. ಡಿಸ್ಟಿಲ್ಡ್ ನೀರು (2 ಡಾಲರ್), ಎರಡು ಹನಿ ಪಾತ್ರೆ ಸೋಪು, ಮೃದು ಬ್ರಷ್. ಮೇಲಿನ ಧೂಳು ಹೋಯಿತು, ಬೂದು ಪೊರೆ ಹೋಗಲಿಲ್ಲ.

ಆಮೇಲೆ ಮರದ ಗೋಂದಿನ ಉಪಾಯ. ನಂಬದವರು ನಗ್ತಾರೆ, ನಾನೂ ನಕ್ಕಿದ್ದೆ. ಬಡಗಿಗಳ ಹಳದಿ ಗೋಂದನ್ನು (7 ಡಾಲರ್) ತಟ್ಟೆ ತಿರುಗಿಸುತ್ತಾ ಲೇಬಲ್ ಬಿಟ್ಟು ಪೂರ್ತಿ ಹರಡಬೇಕು. ಒಣಗಿದ ಮೇಲೆ ಹಪ್ಪಳದ ಹಾಗೆ ಒಂದೇ ಹಾಳೆಯಾಗಿ ಎದ್ದು ಬರುತ್ತೆ, ಗೆರೆಯೊಳಗಿನ ಕೊಳೆಯನ್ನೂ ಹಿಡಿದುಕೊಂಡು. ನಾನು ಜಿಪುಣತನ ಮಾಡಿ ತೆಳ್ಳಗೆ ಹಚ್ಚಿದೆ. ಮಾರನೇ ದಿನ ಎಳೆದರೆ ಚೂರು ಚೂರಾಗಿ ಹರಿಯಿತು. ಅರ್ಧ ಎದ್ದಿತು, ಅರ್ಧ ಗೆರೆಯೊಳಗೇ ಕಚ್ಚಿಕೊಂಡಿತು. ಉಗುರಿನಲ್ಲಿ ಕೆರೆಯೋಕೆ ಹೊರಟವನು ಹೇಗೋ ಕೈ ತಡೆದುಕೊಂಡೆ. ಸರಿಪಡಿಸೋ ದಾರಿ ಒಂದೇ: ಅದರ ಮೇಲೇ ಇನ್ನೊಂದು ಪದರ, ದಪ್ಪಗೆ, ನೀರ್ ದೋಸೆಯಷ್ಟಲ್ಲ, ಸೆಟ್ ದೋಸೆಯಷ್ಟು. ಇನ್ನೂ ಒಂದು ದಿನ ಬಿಟ್ಟು ಅಂಚಿನಿಂದ ಮೆಲ್ಲಗೆ ಎತ್ತಿದೆ. ಚರ್‍ರ್ ಅಂತ ಸದ್ದು ಮಾಡುತ್ತಾ ಪೂರ್ತಿ ಬಂತು. ಹಾಳೆಯನ್ನು ಕಿಟಕಿಗೆ ಹಿಡಿದರೆ ಗೆರೆಗಳ ಅಚ್ಚು, ಮಧ್ಯೆ ಮಧ್ಯೆ ಬೂದು ಮರಳು. ಕೆಳಗೆ ತಟ್ಟೆ ಕರೀ ಕನ್ನಡಿ.

ಹೊಸ ತೊಂದರೆ: ಚಳಿಗಾಲದಲ್ಲಿ ಹೀಟರ್ ಹಾಕಿ ಹಾಕಿ ಬೇಸ್‌ಮೆಂಟಿನ ಗಾಳಿಯಲ್ಲಿ ತೇವ 22 ಪರ್ಸೆಂಟ್. ಗೋಂದು ಎತ್ತಿದ ತಟ್ಟೆಗೆ ಸ್ಟ್ಯಾಟಿಕ್ ಬಂದು ಕಾರ್ಪೆಟ್ಟಿನ ಧೂಳೆಲ್ಲ ಹಾರಿ ಬಂದು ಕೂತಿತು. ನಾನು ಮುಟ್ಟಿದ ಕೂಡಲೇ ಚಟ್ ಅಂತ ಕಿಡಿ. ಮಗಳ ರೂಮಿನ ಹ್ಯುಮಿಡಿಫೈಯರ್ ಕದ್ದು ತಂದಿಟ್ಟು, ತೇವ 45 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎರಡನೇ ಬದಿಗೆ ಈ ತಪ್ಪು ಯಾವುದೂ ಮಾಡಲಿಲ್ಲ.

ಜನವರಿ 18, ಶನಿವಾರ

ಹಿತ್ತಾಳೆ ಪುಲ್ಲಿ ಬಂತು. ಚಿನ್ನದ ಹಾಗೆ ಹೊಳೆಯುತ್ತಿದೆ. ಕೂರಿಸಿದೆ. ಅರೀಥಾ ದೊಡ್ಡವರಾದರು! ಆ ದನಿಯ ತೂಕ ಈಗ ಕೇಳಿಸಿತು.

ಆದರೂ ಈ ಸಲ ರಟ್ಟನ್ನು ನಂಬಲಿಲ್ಲ. 3150 ಹರ್ಟ್ಸ್ ಸ್ವರ ಇರುವ ಟೆಸ್ಟ್ ರೆಕಾರ್ಡ್ ತರಿಸಿದ್ದೆ, 25 ಡಾಲರ್. ಫೋನಿನ ಆ್ಯಪ್‌ನಲ್ಲಿ ಅಳೆದರೆ 3180. ಸುಮಾರು ಒಂದು ಪರ್ಸೆಂಟ್ ಜಾಸ್ತಿ. ವರ್ನಿಯರ್‌ನಲ್ಲಿ ಪುಲ್ಲಿ ನೋಡಿದರೆ 10.00, ಅಜ್ಜನ ತಪ್ಪಿಲ್ಲ. ಹಾಗಾದರೆ?

ಬೆಲ್ಟಿನ ದಪ್ಪ. ನಾನು ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಬೆಲ್ಟು 0.6 ಮಿಲಿಮೀಟರ್. ಬೆಲ್ಟು ಸುತ್ತೋದು ಪುಲ್ಲಿಯ ಮೈಮೇಲಲ್ಲ, ತನ್ನ ಅರ್ಧ ದಪ್ಪದಷ್ಟು ಆಚೆ. ಹಾಗಾಗಿ ಎರಡೂ ಬದಿಯ ಅರ್ಧರ್ಧ ಸೇರಿ ಹಳೆಯದು 12.6 ಅಂತ ಹಿಡಿಯಬೇಕು. ಅದನ್ನು 1.2ರಿಂದ ಭಾಗಿಸಿದರೆ 10.5. ಅದರಲ್ಲಿ 0.6 ಕಳೆದರೆ 9.9. ನಾನು ಮಾಡಿಸಿದ್ದು 10. ಹತ್ತನೇ ಒಂದು ಮಿಲಿಮೀಟರ್ ಅಷ್ಟೇ, ಕೇಳಿದರೆ ಯಾರಿಗೂ ಗೊತ್ತಾಗಲ್ಲ, ಆದರೆ ನನಗೆ ಗೊತ್ತಾಗಿಬಿಟ್ಟಿತ್ತಲ್ಲ. ಸಂಜೆಯೇ ಅಜ್ಜನ ಗ್ಯಾರೇಜಿಗೆ ಓಡಿದೆ. ಅವರು ನನ್ನ ಮುಂದೆಯೇ ಎರಡು ಸಲ ಲೇತ್ ಆಡಿಸಿ 9.90ಕ್ಕೆ ತಂದುಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಮನೆಗೆ ಬಂದು ಅಳೆದರೆ 3146ರಿಂದ 3156ರ ನಡುವೆ ತೂಗಾಡುತ್ತಿತ್ತು. ಈ ವಯಸ್ಸಿನ ಬೇರಿಂಗಿಗೆ ಇಷ್ಟು ಸಾಕು.

ಜನವರಿ 19, ಭಾನುವಾರ

ಈ ದಿನದ್ದು ಬರೆಯಬಾರದು ಅಂತಿದ್ದೆ.

ನಾನು ಯಕ್ಷಗಾನದ ಊರಿನವನು, ಹರ್ಟ್ಸಿಗಿಂತ ಶ್ರುತಿ ಪೆಟ್ಟಿಗೆಯ ಮೇಲೆ ನಂಬಿಕೆ ಜಾಸ್ತಿ. ಹೆಂಡತಿಯ ಪೆಟ್ಟಿಗೆ ತಂದು ಬಿಳಿ ಒಂದಕ್ಕೆ (ಹಾರ್ಮೋನಿಯಮ್ಮಿನ ಸಿ ಮನೆ) ಇಟ್ಟು ‘ರೆಸ್ಪೆಕ್ಟ್’ ಹಾಕಿದೆ. ಹಾಡು ಅಲ್ಲೇ ಕೂರಬೇಕು. ಮೊದಲ ದಿನ 40 ಸುತ್ತಿನಲ್ಲಿ ಇದೇ ಹಾಡು ಕಪ್ಪು ಎರಡನ್ನೂ ದಾಟಿ ಹೋಗಿತ್ತು. ಈಗ ಬಿಳಿ ಒಂದಕ್ಕೆ ಚೆನ್ನಾಗಿ ಕೂತಿತು. ಖುಷಿಯಾಗಿ ಕಾಫಿ ಹೀರುತ್ತಾ ಕೇಳುತ್ತಿದ್ದೆ. ಹಾಡಿನ ಮಧ್ಯೆ ಸ್ಯಾಕ್ಸೊಫೋನ್ ಬರುವ ಜಾಗದಲ್ಲಿ ಶ್ರುತಿ ಪೂರ್ತಿ ಎಲ್ಲೋ ಹೋಯಿತು. ಪೆಟ್ಟಿಗೆಗೂ ಅದಕ್ಕೂ ಎಣ್ಣೆ ಸೀಗೆಕಾಯಿ. ಸ್ಯಾಕ್ಸ್ ಮುಗಿದು ಅವರು ಹಾಡೋಕೆ ಶುರು ಮಾಡಿದ ಕೂಡಲೇ ಮತ್ತೆ ಬಿಳಿ ಒಂದು!

ಬೆಲ್ಟು ಜಾರುತ್ತಿದೆ ಅಂದುಕೊಂಡೆ. ಪ್ಲ್ಯಾಟರ್ ಎತ್ತಿ ಒರೆಸಿ ಮತ್ತೆ ಹಾಕಿದೆ. ಅದೇ ಜಾಗದಲ್ಲಿ ಅದೇ ಕತೆ. ಮೋಟರ್ ಬಿಸಿಯಾಗಿ ಜಗ್ಗುತ್ತಿದೆ ಅಂದುಕೊಂಡು ಪ್ಲಗ್ ತೆಗೆದು ಮೋಟರ್ ಬಿಚ್ಚಿ, ಕೆಳಗಿನ ಬೇರಿಂಗಿಗೆ ಎಣ್ಣೆ ಬಿಟ್ಟು, ರಬ್ಬರ್ ಬುಷ್ ತಿರುಗಿಸಿ ಹಾಕಿ, ಮತ್ತೆ ಜೋಡಿಸಿದೆ. ಒಂದು ಸ್ಕ್ರೂ ಉರುಳಿ ವಾಷಿಂಗ್ ಮಿಷನ್ ಕೆಳಗೆ ಹೋಯಿತು, ಅದನ್ನು ಹುಡುಕೋಕೇ ಇಪ್ಪತ್ತು ನಿಮಿಷ. ಒಟ್ಟು ಎರಡು ಗಂಟೆ. ಹಾಕಿದರೆ ಅದೇ.

ಮಗಳು ಸ್ಕೂಲ್ ಬ್ಯಾಂಡಿನಲ್ಲಿ ಸ್ಯಾಕ್ಸ್ ನುಡಿಸುತ್ತಾಳೆ. ಹ್ಯುಮಿಡಿಫೈಯರ್ ಹುಡುಕಿಕೊಂಡು ಕೆಳಗೆ ಬಂದವಳು ಒಂದು ಸಲ ಕೇಳಿ, ‘ಅಪ್ಪಾ, ಅಲ್ಲಿ ಹಾಡೇ ಕೀ ಬದಲಾಯಿಸುತ್ತೆ. ಮಿಷನ್ ಸರಿ ಇದೆ’ ಅಂದಳು. ಪೆಟ್ಟಿಗೆಯನ್ನು ಕಪ್ಪು ಮೂರಕ್ಕೆ ತಿರುಗಿಸಿದಳು. ಸ್ಯಾಕ್ಸ್ ಭಾಗ ಹೋಗಿ ಅದರಲ್ಲಿ ಕೂತಿತು, ಅಚ್ಚುಕಟ್ಟಾಗಿ.

ಆಮೇಲೆ ಓದಿ ತಿಳಿದುಕೊಂಡೆ. ಈ ಹಾಡು ಮೂಲದಲ್ಲಿ ಓಟಿಸ್ ರೆಡ್ಡಿಂಗ್ 1965ರಲ್ಲಿ ಬರೆದು ಹಾಡಿದ್ದು, ಅದರಲ್ಲಿ ಈ ತಿರುವೇ ಇರಲಿಲ್ಲ. ಅರೀಥಾ ಹಾಡುವಾಗ ಕಿಂಗ್ ಕರ್ಟಿಸ್ ಅವರ ಸ್ಯಾಕ್ಸ್‌ಗೆ ಒಂದು ಜಾಗ ಬೇಕು ಅಂತ ಸ್ಯಾಮ್ ಆ್ಯಂಡ್ ಡೇವ್ ಜೋಡಿಯ ಬೇರೊಂದು ಹಾಡಿನ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಂಪುಗಳನ್ನು) ತಂದು ಮಧ್ಯದಲ್ಲಿ ಕೂರಿಸಿದರು. ಬಿಳಿ ಒಂದರಿಂದ ಕಪ್ಪು ಮೂರಕ್ಕೆ, ಸಪ್ತಕದ ನಟ್ಟನಡುವೆ, ಹೋಗಬಹುದಾದಷ್ಟು ದೂರ. ಮೊದಲು ನೂರು ಸಲ ಕೇಳಿದ ಹಾಡು ಇದು, ಒಂದು ಸಲವೂ ನನಗೆ ಇದು ಗೊತ್ತಾಗಿರಲಿಲ್ಲ. ಪಕ್ಕದಲ್ಲಿ ಪೆಟ್ಟಿಗೆ ಗುಂಯ್ ಅನ್ನುತ್ತಿದ್ದಾಗ ಮಾತ್ರ ಕೇಳಿಸಿತು.

ಜನವರಿ 24, ಶುಕ್ರವಾರ

ರೆಕಾರ್ಡಿಂಗ್. 24 ಬಿಟ್, 96 ಕಿಲೊಹರ್ಟ್ಸ್. ಇಷ್ಟು ದಿನ ಒಂದೇ ಒಂದು ಸ್ಪೀಕರಿನಲ್ಲಿ ಕೇಳುತ್ತಿದ್ದವನು ಈಗ ಕಂಪ್ಯೂಟರ್ ಪರದೆಯಲ್ಲಿ ನೋಡಿದರೆ ಎಡ ಚಾನೆಲ್ ನೇರ ಗೆರೆ. ಸತ್ತಿದೆ. ಎಷ್ಟು ದಿನದಿಂದ? ಬಹುಶಃ ಮೊದಲ ದಿನದಿಂದ. ಮೊನೊ ತಟ್ಟೆ ಆದ್ದರಿಂದ ಬಲಗಡೆ ಒಂದರಲ್ಲೇ ಪೂರ್ತಿ ಹಾಡು ಬರುತ್ತಿತ್ತು, ನನಗೆ ಅನುಮಾನವೇ ಬರಲಿಲ್ಲ. ಹೆಡ್‌ಶೆಲ್‌ನ (ಕಾರ್ಟ್ರಿಡ್ಜ್ ಕೂರಿಸುವ ತುದಿ) ನಾಲ್ಕು ಪುಟ್ಟ ತಂತಿಗಳಲ್ಲಿ ಒಂದರ ತುದಿ ಹಸಿರುಗಟ್ಟಿತ್ತು. ಹೊನ್ನಾವರದ ಉಪ್ಪುಗಾಳಿ, ಇನ್ನೇನು. ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ, ಚಿಮಟದಲ್ಲಿ ಸ್ವಲ್ಪ ಅಮುಕಿ ಸಿಕ್ಕಿಸಿದೆ. ಎರಡೂ ಬಂದವು.

ಎರಡನ್ನೂ ಸೇರಿಸಿ ಒಂದು ಮಾಡಿದರೆ ಆಗುವ ಬದಲಾವಣೆ ನೋಡಿ ಬೆರಗಾದೆ. ಹಾಡು ಎರಡರಲ್ಲೂ ಒಂದೇ, ಅದು ಗಟ್ಟಿಯಾಗುತ್ತೆ. ಗೆರೆಯ ತಳದ ಗುರ್ರ್ ಸದ್ದು ಎರಡರಲ್ಲಿ ಒಂದಕ್ಕೊಂದು ತಿರುಗುಮುರುಗು, ಅದು ಕರಗಿಹೋಗುತ್ತೆ. ಗೋಂದಿನಲ್ಲಿ ಎರಡು ದಿನ ಒದ್ದಾಡಿ ಸಿಕ್ಕಿದ್ದರಷ್ಟೇ ಲಾಭ ಇಲ್ಲಿ ಒಂದು ಮೌಸ್ ಕ್ಲಿಕ್ಕಿಗೆ.

ರೆಕಾರ್ಡಿಂಗ್ ಓಡುತ್ತಿರುವಾಗ ಕವರಿನ ಹಿಂಭಾಗ ಓದುತ್ತಾ ಕೂತಿದ್ದೆ, ಆಗ ಈ ದಿನಾಂಕ ಹೊಳೆಯಿತು. ಆಲ್ಬಮಿನ ಹೆಸರಿನ ಹಾಡನ್ನು ಅಲಬಾಮಾದ ಮಸಲ್ ಶೋಲ್ಸ್‌ನ ಫೇಮ್ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದ್ದು 1967ರ ಜನವರಿ 24ಕ್ಕೆ. ಶುರುವಿನಲ್ಲಿ ಬರುವ ಆ ಎಲೆಕ್ಟ್ರಿಕ್ ಪಿಯಾನೊ ಸ್ಪೂನರ್ ಓಲ್ಡ್‌ಹ್ಯಾಮ್ ಅವರದು. ಆ ಒಂದು ಹಾಡು ಮುಗಿಯಿತು, ‘ಡು ರೈಟ್ ವುಮನ್’ ಅರ್ಧವಾಗಿತ್ತು. ಅಷ್ಟರಲ್ಲಿ ಅವರ ಗಂಡ ಟೆಡ್ ವೈಟ್‌ಗೂ ಒಬ್ಬ ಹಾರ್ನ್ ವಾದಕನಿಗೂ ಮಾತಿಗೆ ಮಾತು ಬೆಳೆದು, ರಾತ್ರಿ ಸ್ಟುಡಿಯೊದ ರಿಕ್ ಹಾಲ್ ಜೊತೆಗೂ ಜಗಳವಾಗಿ, ಎಲ್ಲಾ ಗಂಟುಮೂಟೆ ಕಟ್ಟಿದರು. ನಿರ್ಮಾಪಕ ಜೆರಿ ವೆಕ್ಸ್ಲರ್ ಕೈಯಲ್ಲಿ ಉಳಿದದ್ದು ಒಂದೂವರೆ ಹಾಡು. ಅದನ್ನೇ ರೇಡಿಯೊದವರಿಗೆ ಕೊಟ್ಟರೆ ಜನ ಮುಗಿಬಿದ್ದರು, ಆದರೆ ತಟ್ಟೆಯ ಇನ್ನೊಂದು ಬದಿಗೆ ಹಾಕೋಕೆ ಹಾಡಿಲ್ಲ! ಆಮೇಲೆ ನ್ಯೂಯಾರ್ಕಿನಲ್ಲಿ ಅರೀಥಾ ಪಿಯಾನೊ ನುಡಿಸಿ, ಅಕ್ಕ ಅರ್ಮಾ ತಂಗಿ ಕ್ಯಾರೊಲಿನ್ ಜೊತೆ ಹಾಡಿ ಆ ಅರ್ಧವನ್ನು ಮುಗಿಸಿದರು. ವೆಕ್ಸ್ಲರ್ ಮಸಲ್ ಶೋಲ್ಸ್‌ನ ವಾದಕರನ್ನೂ ನ್ಯೂಯಾರ್ಕಿಗೇ ಕರೆಸಿಕೊಂಡರು. ಮಾರ್ಚ್‌ನಲ್ಲಿ ಆಲ್ಬಮ್ ಹೊರಬಂತು. ನಾನು ಒಂದು ಪುಲ್ಲಿಗೆ ಎರಡು ವಾರ ತಗೊಂಡೆ.

ಫೆಬ್ರುವರಿ 1, ಶನಿವಾರ

ಉಳಿದ ಟಿಕ್-ಟಿಕ್ ತೆಗೆಯೋದು. ಮೊದಲು ಕ್ಲಿಕ್ ರಿಮೂವಲ್ ಅನ್ನು ಪೂರ್ತಿ ಬದಿಗೆ ಒಂದೇ ಸಲ ಹಾಕಿದೆ, ಜೋರಾಗಿ. ಟಿಕ್ ಹೋಯಿತು. ಜೊತೆಗೆ ಟೈಟಲ್ ಹಾಡಿನಲ್ಲಿ ರಾಜರ್ ಹಾಕಿನ್ಸ್ ಡ್ರಮ್ಮಿನ ಮೇಲೆ ಬೀಳುವ ಕಡ್ಡಿಯ ಚಟ್ ಅನ್ನೋ ಪೆಟ್ಟೂ ಮೊಂಡಾಯಿತು, ಕಂಬಳಿ ಹೊದ್ದುಕೊಂಡು ಬಾರಿಸಿದ ಹಾಗೆ. ಸಾಫ್ಟ್‌ವೇರಿಗೆ ಗೀರಿನ ಟಿಕ್ ಯಾವುದು, ಕಡ್ಡಿಯ ಟಿಕ್ ಯಾವುದು ಅಂತ ಹೇಗೆ ಗೊತ್ತಾಗಬೇಕು? ಎಲ್ಲಾ ಅನ್‌ಡೂ.

ಕೈಯಲ್ಲೇ ಮಾಡಿದೆ. ಹೆಡ್‌ಫೋನ್ ಹಾಕಿ ಕೇಳೋದು, ಟಿಕ್ ಬಂದಲ್ಲಿ ನಿಲ್ಲಿಸೋದು, ಅಲೆಯನ್ನು ದೊಡ್ಡದು ಮಾಡಿ ಮುಳ್ಳಿನಂತೆ ಎದ್ದ ಜಾಗ ಹಿಡಿಯೋದು, ರಿಪೇರ್ ಒತ್ತೋದು. ಅದು ಒಂದು ಸಲಕ್ಕೆ 128 ಸ್ಯಾಂಪಲ್ ಮಾತ್ರ ತಗೊಳ್ಳುತ್ತೆ, ನನ್ನ 96 ಕಿಲೊಹರ್ಟ್ಸಿನಲ್ಲಿ ಅದು ಒಂದೂಕಾಲು ಮಿಲಿಸೆಕೆಂಡಿಗಿಂತ ಒಂಚೂರು ಜಾಸ್ತಿ ಅಷ್ಟೇ. ಮೊದಲ ಬದಿಯಲ್ಲಿ 71, ಎರಡನೆಯದರಲ್ಲಿ 38. ಮೊದಲ ಬದಿಯ ಮೊದಲ ಹಾಡಿನಲ್ಲೇ 40 ದಾಟಿತ್ತು. ಆ ಮನೆಯಲ್ಲಿ ಯಾವ ಹಾಡನ್ನು ಹೆಚ್ಚು ಹಾಕುತ್ತಿದ್ದರು ಅಂತ ಬೇರೆ ಕೇಳಬೇಕಿಲ್ಲ.

ಎರಡು ಕಡೆ ಬಿಟ್ಟಿದ್ದೇನೆ. ‘ಡಾಕ್ಟರ್ ಫೀಲ್‌ಗುಡ್’ನಲ್ಲಿ ಒಂದು ಟಿಕ್ ಅಂದುಕೊಂಡದ್ದು ಹತ್ತು ಸಲ ಕೇಳಿದ ಮೇಲೆ ಅವರು ಉಸಿರು ಎಳೆದುಕೊಳ್ಳುವ ಮುಂಚಿನ ತುಟಿಯ ಸದ್ದು ಅನ್ನಿಸಿತು. ಅಳಿಸೋಕೆ ಕೈ ಬರಲಿಲ್ಲ.

ಫೆಬ್ರುವರಿ 2, ಭಾನುವಾರ

ಖರ್ಚು: ಎಲ್‌ಪಿ 4, ಬೆಲ್ಟು 14, ಕಾರ್ಟ್ರಿಡ್ಜ್ 48, ತಕ್ಕಡಿ 12, ಟ್ರಾನ್ಸ್‌ಫಾರ್ಮರ್ 32, ವರ್ನಿಯರ್ 18, ಪುಲ್ಲಿ 45, ಟೆಸ್ಟ್ ರೆಕಾರ್ಡ್ 25, ಗೋಂದು 7, ನೀರು 2. ಒಟ್ಟು 207 ಡಾಲರ್. ಫೋನೊ ಆಂಪ್ಲಿಫೈಯರ್ ಮೊದಲೇ ಇತ್ತು. 4 ಡಾಲರಿನ ತಟ್ಟೆ ಕೇಳೋಕೆ 203 ಡಾಲರ್ ಅಂತ ಹೆಂಡತಿ ಲೆಕ್ಕ ಹಾಕಿ ತೋರಿಸಿದಳು.

ಸರಿಹೋಗದೆ ಉಳಿದದ್ದು: ಎರಡನೇ ಬದಿಯ ಕೊನೆಯ ಹಾಡು, ಸ್ಯಾಮ್ ಕುಕ್ ಅವರ ‘ಎ ಚೇಂಜ್ ಈಸ್ ಗಾನ ಕಮ್’. ಲೇಬಲ್ ಹತ್ತಿರದ ಗೆರೆಗಳಲ್ಲಿ ಅವರು ದನಿ ಏರಿಸಿದಾಗೆಲ್ಲ ಅಂಚು ಕರಕಲಾದ ಹಾಗೆ ಒಡೆಯುತ್ತೆ. ಭಾರ 2.2 ಗ್ರಾಂ ಮಾಡಿ ನೋಡಿದೆ, ಕೋನ ಮತ್ತೆ ಹೊಂದಿಸಿದೆ, ಬದಲಾಗಲಿಲ್ಲ. ಹಳೆ ಮುಳ್ಳು ಯಾವುದೋ ಕಾಲದಲ್ಲಿ ಕೊರೆದು ಹೋಗಿರಬೇಕು. ಮೊಟ್ಟೆಯಾಕಾರದ ತುದಿಯ ಮುಳ್ಳು ಗೆರೆಯಲ್ಲಿ ಬೇರೆ ಎತ್ತರದಲ್ಲಿ ಕೂರುತ್ತೆ, ಅದನ್ನು ತರಿಸಿ ನೋಡಬೇಕು.

ಸಂಜೆ ಮಾವನಿಗೆ ವಿಡಿಯೊ ಕಾಲ್ ಮಾಡಿ ಪ್ಲೇಯರ್ ತಿರುಗೋದು ತೋರಿಸಿದೆ. ಅಲ್ಲಿ ಬೆಳಗಿನ ಜಾವ. ಹಾಡನ್ನು ಪೂರ್ತಿ ಕೇಳಿದರು. ‘ಹೆಂಗಸಿನ ಗಂಟಲು ಭಾರೀ ಉಂಟು ಮಾರಾಯ’ ಅಂದರು. ಆಮೇಲೆ, ‘ಅಟ್ಟದಲ್ಲಿ ಇನ್ನೊಂದು ಪೆಟ್ಟಿಗೆ ಉಂಟು, ಚಿಕ್ಕ ಪ್ಲೇಟುಗಳದ್ದು. ನಲವತ್ತೈದರವು, ಒಂದು ಅರವತ್ತು ಇರಬಹುದು. ಏಪ್ರಿಲ್‌ನಲ್ಲಿ ಬರ್ತೆ ಅಲ್ದಾ, ತಗೊಂಡು ಹೋಗು.’

ನಾಳೆ ಲೇತ್ ಅಜ್ಜನಿಗೆ ಫೋನ್ ಮಾಡಬೇಕು. ಬೆಲ್ಟಿನ ದಪ್ಪ ಸೇರಿಸಿ ಲೆಕ್ಕ ಹಾಕಿಟ್ಟಿದ್ದೇನೆ, 45ರ ಮೆಟ್ಟಿಲು 13.58 ಮಿಲಿಮೀಟರ್.